ಅವತ್ತಿನ ಎಳನೀರು

ಕಾಸಿಮೀರೊ ನನ್ನನ್ನು "ಕೊಮಾದ್ರೆ" ಎಂದು ಕರೆದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಅದೇನು ಬೈಗುಳವಲ್ಲ. ನಮ್ಮ ಸಮಾನಾ ಊರಿನಲ್ಲಿ ಜ್ಞಾನಸ್ನಾನದ ಹೊತ್ತು ನಿಮ್ಮ ಮಗುವಿಗೆ ಧರ್ಮತಾಯಿಯಾದವಳು ನಿಮಗೆ ಕೊಮಾದ್ರೆ, ಒಡಹುಟ್ಟಿದವಳಿಗಿಂತ ಒಂದು ಕೈ ಹೆಚ್ಚು. ಅವಳನ್ನು ಬಹುವಚನದಲ್ಲೇ ಮಾತಾಡಿಸಬೇಕು, ಹಬ್ಬದ ಮೊದಲ ತಟ್ಟೆ ಅವಳ ಮನೆಗೇ ಹೋಗಬೇಕು. ಅವಳನ್ನು ಪ್ರೀತಿಸುವುದು ಮಾತ್ರ ಮಹಾಪಾಪ. ಚರ್ಚಿನ ಕಾನೂನಿನಲ್ಲಿ ಈಗ ಆ ಅಡ್ಡಿಯೇ ಇಲ್ಲ ಎಂದು ಪಾದ್ರಿಗಳು ಹೇಳುತ್ತಾರೆ. ನಮ್ಮ ಬೀದಿಯವರು ಆ ಕಾನೂನು ಓದಿಲ್ಲ.

ಮೊದಲೆಲ್ಲ ಹೀಗಿರಲಿಲ್ಲ. ನಾನು ತೆಂಗಿನಕಾಯಿ ಬ್ರೆಡ್ ಸುಟ್ಟು ಮಾರುವವಳು, ಅವನು ಪಕ್ಕದ ಮನೆಯಲ್ಲಿ ದೋಣಿಯ ಎಂಜಿನ್ ರಿಪೇರಿ ಮಾಡುವವನು. ಕೈಯೆಲ್ಲ ಗ್ರೀಸ್ ಮಾಡಿಕೊಂಡು ನೇರ ನನ್ನ ಅಡುಗೆಮನೆಗೇ ನುಗ್ಗಿ, "ನೆರೇಯ್ಡಾ, ಬ್ರೆಡ್ ಆಯ್ತೇನೇ?" ಎನ್ನುತ್ತಿದ್ದ. ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಲುಸೀಲ ಎಂಬ ಕೂಸು ಉಳಿಯಿತು. ಮೂರು ತಿಂಗಳಿಗೆ ಅದಕ್ಕೆ ಜ್ವರ ನೆತ್ತಿಗೇರಿ ಮೈ ಸೆಟೆದುಕೊಂಡಿತು. ಕಾಸಿಮೀರೊ ವ್ಯಾನ್ ತರಲು ಓಡಿದ್ದ, ನಾನು ಅವರ ಮನೆಗೆ ಓಡಿದೆ. ಮಗು ಹಾಗೇ ಹೋಗಿಬಿಡುತ್ತದೆ, ತಲೆಗೆ ನೀರು ಹಾಕು ಎಂದು ಅವನ ತಾಯಿ, ಎಲ್ಲರೂ ಗೌರವದಿಂದ ದೋನ್ಯ ಎನ್ನುವ ಪುರಾ, ಎದೆ ಬಡಿದುಕೊಂಡರು. ಪ್ರಾಣಕ್ಕೆ ಬಂದಾಗ ಯಾರು ಬೇಕಾದರೂ ಜ್ಞಾನಸ್ನಾನ ಮಾಡಿಸಬಹುದು. ಮಾಡಿಸಿದವಳೇ ಧರ್ಮತಾಯಿ. ಅದು ಇಲ್ಲಿ ಎಲ್ಲರಿಗೂ ಗೊತ್ತು. ಅವರ ಒಲೆಯ ಪಕ್ಕ ಇದ್ದ ಲೋಟ ತೆಗೆದು, ಪಿತ, ಸುತ, ಪವಿತ್ರಾತ್ಮರ ಹೆಸರು ಹೇಳಿ ಸುರಿದೆ.

ಸುರಿದ ಮೇಲೆ ವಾಸನೆ ಬಂತು. ಅದು ನೀರಲ್ಲ, ಎಳನೀರು.

ಬಿರುಗಾಳಿ ಬಂದು ನಾಲ್ಕು ದಿನದಿಂದ ನಲ್ಲಿಯಲ್ಲಿ ಹನಿ ಇರಲಿಲ್ಲ. ಇನ್ನೊಂದು ಸಲ ಮಾಡೋಣವೆಂದರೆ ಅಷ್ಟರಲ್ಲಿ ಮಗು ಚೀರಿ ಅತ್ತಿತು. ದೋನ್ಯ ಪುರಾ ನನ್ನ ಕೈಗಳಿಗೆ ಮುತ್ತಿಟ್ಟರು. ಆಸ್ಪತ್ರೆಯಿಂದ ಹುಷಾರಾಗಿ ಬಂದ ಮಗುವನ್ನು ಎತ್ತಿಕೊಂಡು ಕಾಸಿಮೀರೊ ನನ್ನ ಹೊಸ್ತಿಲಾಚೆ ನಿಂತ. "ನಿಮ್ಮ ಋಣ ತೀರ್ಸೋಕಾಗಲ್ಲ, ಕೊಮಾದ್ರೆ," ಎಂದ. ಆ ಮುಖ ನೋಡಿ ಎಳನೀರಿನ ಮಾತು ಹೇಗೆ ಹೇಳಲಿ? ನುಂಗಿಕೊಂಡೆ.

ಆಮೇಲೆ ಆಗಬಾರದ್ದೇ ಆಯಿತು. ಪ್ರತಿ ಭಾನುವಾರ ಮೀನು ತಂದು ಹೊಸ್ತಿಲಾಚೆಯೇ ನಿಲ್ಲುತ್ತಿದ್ದ. ಕೊಡುವಾಗ ಬೆರಳು ತಾಗದಂತೆ ಬುಟ್ಟಿಯ ಅಂಚು ಹಿಡಿಯುತ್ತಿದ್ದ. ಅಷ್ಟು ಜೋಪಾನ ಮಾಡುವವನ ಮನಸ್ಸಿನಲ್ಲಿ ಏನಿದೆ ಎಂದು ಯಾವ ಹೆಣ್ಣಿಗೆ ತಿಳಿಯುವುದಿಲ್ಲ? ನನಗೂ ನಿದ್ದೆ ಹಾರಿಹೋಗಿತ್ತು. ನಿಜ ಹೇಳಿಬಿಟ್ಟರೆ, ನೀರಿಲ್ಲದೆ ಜ್ಞಾನಸ್ನಾನವೇ ಆಗಿಲ್ಲ, ನಾನು ಅವನ ಕೊಮಾದ್ರೆಯೇ ಅಲ್ಲ. ಆದರೆ ಈಗ ಹೇಳಿದರೆ ಊರು ಏನೆನ್ನುತ್ತದೆ? ಗಂಡಸನ್ನು ಹಿಡಿಯಲು ಕಥೆ ಕಟ್ಟಿದಳು ಎನ್ನುತ್ತದೆ. ಅವನೂ ಹಾಗೇ ಅಂದುಕೊಂಡರೆ?

ಲುಸೀಲಳಿಗೆ ಎರಡು ತುಂಬಿದ ಮೇಲೆ, ಉಳಿದ ಶಾಸ್ತ್ರವನ್ನು ಚರ್ಚಿನಲ್ಲಿ ಮುಗಿಸೋಣವೆಂದು ದೋನ್ಯ ಪುರಾ ಹಟ ಹಿಡಿದರು. ಅಭ್ಯಂಜನದ ಎಣ್ಣೆ, ಬಿಳಿ ಅಂಗಿ, ಮೇಣದಬತ್ತಿ. ಅದಕ್ಕೆ ಎರಡು ಶನಿವಾರ ತಯಾರಿಯ ಪಾಠ. ದಾರಿಯುದ್ದಕ್ಕೂ ಅವರದ್ದು ಮಗನ ಮೇಲೆ ಹಳೆಯ ದೂರು: ಮಗು ಸಾಯೋ ಹಾಗಿದ್ದ ದಿನವೂ ಇವನಿಗೆ ಹೆತ್ತತಾಯಿಯ ಎಳನೀರೇ ಬೇಕಿತ್ತು, ಕುಡಿದು ಲೋಟ ಖಾಲಿ ಇಟ್ಟಿದ್ದ. "ಮುಟ್ಟಿಲ್ಲ ಅಂದ್ನಲ್ಲಮ್ಮ," ಎಂದು ಕಾಸಿಮೀರೊ ಎಂದಿನಂತೆ ನಿಟ್ಟುಸಿರು ಬಿಟ್ಟ. ನಾನು ನೆಲ ನೋಡಿಕೊಂಡು ನಡೆದೆ.

ಚರ್ಚಿನ ಹಾಲಿನಲ್ಲಿ ಪಾಠ ಹೇಳುವ ದೋನ್ಯ ತೊಮಾಸಿನಾ ನಿವೃತ್ತ ಟೀಚರು, ಕಡ್ಡಿ ಮುರಿದಂತೆ ಮಾತಾಡುವವರು. ದೇವರು ಚಿನ್ನ ಕೇಳಲಿಲ್ಲ, ದ್ರಾಕ್ಷಾರಸ ಕೇಳಲಿಲ್ಲ, ಕಡುಬಡವನ ಮನೆಯಲ್ಲೂ ಇರುವ ನೀರನ್ನೇ ಕೇಳಿದ ಎಂದರು. ಆ ನೀರಿನಲ್ಲಿ ಹಳೆಯದು ತೊಳೆದುಹೋಗಿ ಮಗು ಹೊಸದಾಗಿ ಹುಟ್ಟುತ್ತದೆ, ಅದಕ್ಕೆ ಮಾತು ಬರುವುದಿಲ್ಲವಾದ್ದರಿಂದ ಮಾತು ಕೊಡುವವರು ನಾವು ಎಂದರು. ಆಮೇಲೆ ಅಭ್ಯಾಸ ಮಾಡಿಸಿದರು. "ಸೈತಾನನನ್ನೂ ಅವನ ಸುಳ್ಳುಗಳನ್ನೂ ಬಿಡ್ತೀರಾ?" ಎಲ್ಲರೂ "ಬಿಡ್ತೀವಿ" ಎಂದರು. ನನ್ನ ನಾಲಿಗೆ ಏಳಲಿಲ್ಲ.

ಅವರು ಫಾರಂ ತೆಗೆದು ಕನ್ನಡಕ ಏರಿಸಿದರು. "ನೆರೇಯ್ಡಾ, ಅವತ್ತು ಹಾಕಿದ್ದು ನೀರೇ ತಾನೆ?"

"ಅಲ್ಲ," ಎಂದೆ. "ಎಳನೀರು."

ಆದದ್ದನ್ನೆಲ್ಲ ಹೇಳಿದೆ. ಹಿಂದಿನ ಸಾಲಿನಿಂದ ಯಾರೋ, ಕಾಸಿಮೀರೊ ಮೇಲೆ ಕಣ್ಣು ಬಿತ್ತು, ಎಳನೀರು ನೆನಪಾಯಿತು ಎಂದು ಕಿಸಕ್ಕನೆ ನಕ್ಕರು. ನಾನು ಹೆದರಿದ್ದ ಮಾತೇ ಅದು. ಕಾಸಿಮೀರೊ ನನ್ನನ್ನೇ ನೋಡುತ್ತಿದ್ದ, ಆ ನೋಟದಲ್ಲಿ ಏನಿದೆಯೋ ತಿಳಿಯಲಿಲ್ಲ.

ದೋನ್ಯ ಪುರಾ ನಿಧಾನಕ್ಕೆ ಎದ್ದರು. "ಯಾವ ಲೋಟ?"

"ನೀಲಿ ಅಂಚಿಂದು."

ಅವರು ಮಗನ ಕಡೆ ತಿರುಗಿದರು. "ಎರಡು ವರ್ಷ ನಿನ್ನ ಸುಮ್‌ಸುಮ್ನೆ ಬೈದ್ನಲ್ಲೋ, ಮಗನೇ."

ಆಗ ಮೊದಲು ನಕ್ಕವರು ದೋನ್ಯ ತೊಮಾಸಿನಾ. ಆಮೇಲೆ ಇಡೀ ಹಾಲ್ ನಕ್ಕಿತು, ಹಿಂದಿನ ಸಾಲೂ. ನಾನು ಅಳುತ್ತಿದ್ದೆ. ಎಳನೀರಿನಿಂದ ಜ್ಞಾನಸ್ನಾನ ಆಗುವುದಿಲ್ಲ, ಆದರೆ ಮಗುವನ್ನು ದೇವರು ಕೈಬಿಟ್ಟಿರಲೂ ಇಲ್ಲ ಎಂದು ಟೀಚರು ನನ್ನ ಬೆನ್ನು ಸವರಿದರು. ಮುಂದಿನ ಭಾನುವಾರ ಮೊದಲಿನಿಂದ ಮಾಡಿದರಾಯಿತು, ಧರ್ಮತಾಯಿ ಇವಳೇ ಇರಲಿ, ಈ ಸಲ ನಲ್ಲಿ ನೀರು ಎಂದು ಪೆನ್ನು ತೆಗೆದರು.

"ಬರೀಬೇಡಿ," ಎಂದ ಕಾಸಿಮೀರೊ.

ಅವನ ಕಿವಿ ಕೆಂಪಾಗಿತ್ತು. ತನ್ನ ತಂಗಿ ಇವೆಲಿಸ್ಸೆಯ ಹೆಸರು ಬರೆದುಕೊಳ್ಳಿ ಎಂದ. ಯಾಕೆ, ಇವಳಿಗೇನಾಗಿದೆ ಎಂದು ಟೀಚರು ಗದರಿದರು.

"ಇವಳು ನನಗೆ ಕೊಮಾದ್ರೆ ಆಗೋದು ಬೇಡ. ಒಂದ್ಸಲ ಆಗಿ ಎರಡು ವರ್ಷ ಸತ್ತಿದ್ದೀನಿ."

ಯಾರೂ ನಗಲಿಲ್ಲ. ದೋನ್ಯ ತೊಮಾಸಿನಾ ಇವೆಲಿಸ್ಸೆ ಎಂದು ಬರೆದು, ಕೆಳಗೆ ಎರಡು ಸಲ ಗೆರೆ ಎಳೆದರು.

ಭಾನುವಾರ ತಣ್ಣೀರು ತಲೆಗೆ ಬಿದ್ದಾಗ ಲುಸೀಲ ಚರ್ಚು ಹಾರಿಹೋಗುವಂತೆ ಕಿರುಚಿದಳು. ನಾನು ಎರಡನೇ ಸಾಲಿನಲ್ಲಿ ದೋನ್ಯ ಪುರಾ ಪಕ್ಕ ಕೂತಿದ್ದೆ. ಸುಳ್ಳುಗಳನ್ನು ಬಿಡುತ್ತೀರಾ ಎಂದು ಪಾದ್ರಿಗಳು ಕೇಳಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಾನೇ. ಎದೆ ಎಷ್ಟು ಹಗುರವಾಗಿತ್ತೆಂದರೆ ಹಸಿವಾಯಿತು.

ಸಂಜೆ ಒಲೆಯಿಂದ ಬ್ರೆಡ್ ತೆಗೆಯುತ್ತಿದ್ದೆ. ಹೊಸ್ತಿಲಾಚೆ ಅವನು ಬಂದು ನಿಂತ, ಕೈಯಲ್ಲಿ ಬುಟ್ಟಿ ಇರಲಿಲ್ಲ.

"ನೆರೇಯ್ಡಾ, ಬ್ರೆಡ್ ಆಯ್ತೇನೇ?"

"ಆಯ್ತು," ಎಂದೆ. "ಒಳಗೆ ಬಂದು ತಗೋ."