ಹಾಲು ಗಟ್ಟಿ ಮಾಡಿ

"ಇದನ್ನ ಯಾರಿಗೆ ಕೊಡೋಕೆ ಮಾಡಿದ್ರಿ?"

ಫ್ರಿಜ್ ರಿಪೇರಿಗೆ ಬಂದವನು ಆಡಿದ ಮೊದಲ ಮಾತೇ ಇದು. ಒಂದು ನಮಸ್ಕಾರವಿಲ್ಲ, ಫ್ರಿಜ್‌ಗೆ ಏನಾಗಿದೆ ಎಂಬ ವಿಚಾರಣೆಯೂ ಇಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದ ನಾಲ್ಕು ಲೋಟಗಳನ್ನು ನೋಡಿ, ಕೈಯಲ್ಲಿದ್ದ ಬ್ಯಾಗು ಕೆಳಗಿಡುವ ಮೊದಲೇ ಕೇಳಿಬಿಟ್ಟ.

ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನಾದೀತು? ಪಕ್ಕದ ಮನೆಯವರ ಐಸ್ ಕೇಳಿ ತಂದು, ಬೆಳಗ್ಗೆಯಿಂದ ನಾಲ್ಕು ಸಲ ಕೋಲ್ಡ್ ಕಾಫಿ ಮಾಡಿ ನಾಲ್ಕೂ ಸಲ ಕೆಡಿಸಿಕೊಂಡು ಕೂತಿದ್ದಳು. ಇರುವುದೊಂದು ಭಾನುವಾರದ ರಜೆ. ಉಳಿದ ಆರು ದಿನ ಕಿವಿ ಪರೀಕ್ಷೆಯ ಕ್ಲಿನಿಕ್‌ನಲ್ಲಿ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಬೆನ್ನ ಹಿಂದೆ ನಿಂತು, "ಕೇಳಿಸಿದ ತಕ್ಷಣ ಕೈ ಎತ್ತಿ" ಎಂದು ಹೇಳಿ ಹೇಳಿ ದಣಿಯುವ ಜೀವ ಅದು.

"ನಮ್ಮಜ್ಜಿಗೆ," ಎಂದಳು ಹಲ್ಲು ಕಚ್ಚಿಕೊಂಡು.

"ಅಜ್ಜಿ ಮೇಲೆ ಏನಾದ್ರೂ ಸಿಟ್ಟಾ?"

ಒಳಕೋಣೆಯಿಂದ ಕಿಸಕ್ಕೆಂದು ನಗು ಕೇಳಿಸಿತು. ನಕ್ಕದ್ದು ಅಜ್ಜಿಯೇ. ಹದಿನೈದು ದಿನದ ಹಿಂದೆ ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡಿದ್ದರು. ಬಿಸಿ ತಗುಲಿದರೆ ವಸಡು ಚುರುಗುಟ್ಟುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಒಂದೇ, ಬೀದಿ ಮೂಲೆಯ ಅಂಗಡಿಯ ಆ ತಣ್ಣನೆಯ ಕಾಫಿ. ಸಿಹಿಯಾಗಿ, ಕೆನೆ ಕೆನೆಯಾಗಿ, ಕುಡಿದ ಮೇಲೆ ತುಟಿಯ ಮೇಲೊಂದು ಮೀಸೆ ಉಳಿಸುತ್ತಿದ್ದ ಕಾಫಿ. ಆ ಅಂಗಡಿ ಬಾಗಿಲು ಹಾಕಿ ಆರು ತಿಂಗಳಾಗಿತ್ತು. ಮೊಮ್ಮಗಳು ಮಾಡಿದ್ದನ್ನು ಒಂದು ಗುಟುಕು ಕುಡಿದು, "ಲೋಟ ತೊಳೆದ ನೀರು ಇದಕ್ಕಿಂತ ಚೆನ್ನಾಗಿರುತ್ತೆ ಪುಟ್ಟಿ" ಎಂದಿದ್ದರು.

ಅವನು ಫ್ರೀಜರ್ ಬಿಚ್ಚಿ ಅರ್ಧ ಗಂಟೆಯಲ್ಲಿ ಸರಿ ಮಾಡಿದ. ಹೊರಡುವಾಗ, ಯಾರೂ ಕೇಳದಿದ್ದರೂ, ಒಂದು ಲೋಟ ಎತ್ತಿ ರುಚಿ ನೋಡಿದ.

"ನೀರಿನ ಐಸ್ ಹಾಕಿದ್ದೀರ. ಅದು ಕರಗಿದೆ. ಇನ್ನೊಂದು ಗಂಟೆ ಬಿಟ್ರೆ ಇದ್ರಲ್ಲಿ ಮೀನು ಸಾಕಬಹುದು."

"ನೀವು ಫ್ರಿಜ್ ರಿಪೇರಿಯವರೋ ಕಾಫಿ ಪರೀಕ್ಷೆಯವರೋ?"

"ಮೂಲೆ ಅಂಗಡಿಯ ಐಸ್ ಮೆಷಿನ್ ಆರು ವರ್ಷ ನೋಡ್ಕೊಂಡಿದ್ದು ನಾನೇ. ಕಾಫಿ ಮಾಡೋದನ್ನ ದಿನಾ ನೋಡ್ತಿದ್ದೆ."

ಜೇಬಿನಿಂದ ತನ್ನ ಕಾರ್ಡು ತೆಗೆದು ಅದರ ಹಿಂದೆ ಏನೋ ಗೀಚಿ ಕಟ್ಟೆಯ ಮೇಲಿಟ್ಟ. ನೋಡಿದರೆ ಮೂರೇ ಸಾಲು!

*ಹಾಲು ಗಟ್ಟಿ ಮಾಡಿ. ಸಕ್ಕರೆ ಅದರಲ್ಲೇ. ನೀರಿನ ಐಸ್ ಬೇಡ, ಕಾಫಿ ಐಸ್.*

ಮಾತಿನಲ್ಲೂ ಬರಹದಲ್ಲೂ ಇವನು ಪೂರ್ತಿ ವಾಕ್ಯ ಮುಗಿಸುವ ಗಿರಾಕಿಯಲ್ಲ. ಮುಂದೆ ಆದ ಫಜೀತಿಗೆಲ್ಲ ಇದೇ ಮೂಲ.

ಅವಳು ಹಾಲು ಗಟ್ಟಿ ಮಾಡಿದಳು. ಹೇಗೆ ಅಂತೀರಿ? ಪಾತ್ರೆ ತುಂಬ ಹಾಲಿಗೆ ಸಕ್ಕರೆ ಕಲಸಿ ಸೀದಾ ಫ್ರೀಜರಿಗೆ ತಳ್ಳಿದಳು. ಹಾಲು ಉಬ್ಬಿ, ಉಕ್ಕಿ, ಗೋಡೆಗೆ ಅಂಟಿ ಕಲ್ಲಾಯಿತು. ಪಾತ್ರೆ ಎಳೆದರೆ ಅಲ್ಲಾಡಲಿಲ್ಲ, ಬಾಗಿಲು ಒತ್ತಿದರೆ ಮುಚ್ಚಲಿಲ್ಲ.

ಮುಂದಿನ ಭಾನುವಾರ ಅವನು ಮತ್ತೆ ಬಂದಾಗ ಅವಳು ಕಾರ್ಡನ್ನು ಅವನ ಮೂಗಿನ ಮುಂದೆ ಹಿಡಿದಳು.

"ನೀವು ಬರೆದಿದ್ದನ್ನೇ ಮಾಡಿದ್ದು ನಾನು. ಓದಿ. ಗಟ್ಟಿ ಮಾಡಿ ಅಂತಿದೆ."

ಅವನು ಫ್ರೀಜರ್ ನೋಡಿದ, ಕಾರ್ಡು ನೋಡಿದ, ಅವಳ ಮುಖ ನೋಡಿದ. ನಗು ತಡೆಯಲು ಪಟ್ಟ ಪಾಡು ಅವನ ಕಿವಿಯ ತುದಿಯಲ್ಲಿ ಕೆಂಪಗೆ ಕಾಣುತ್ತಿತ್ತು.

"ಕಾಯಿಸಿ ಗಟ್ಟಿ ಮಾಡೋದು... ಹಾಲನ್ನ."

"ಅದನ್ನ ಬರೆಯೋಕೇನಾಗಿತ್ತು?"

"ಜಾಗ ಇರ್ಲಿಲ್ಲ."

ಅಂದು ಅವನೇ ಒಲೆಯ ಮುಂದೆ ನಿಂತ. ಸಣ್ಣ ಉರಿಯಲ್ಲಿ ಹಾಲು ಅರ್ಧಕ್ಕರ್ಧ ಇಳಿಯುವವರೆಗೆ ತಿರುವುತ್ತಲೇ ಇರಬೇಕು, ಅಂಚಿಗೆ ಕಟ್ಟಿದ ಕೆನೆಯನ್ನು ಕೆರೆದು ಮತ್ತೆ ಒಳಕ್ಕೆ ತಳ್ಳಬೇಕು, ಕೊನೆಯಲ್ಲಿ ಸಕ್ಕರೆ. ಕಪ್ಪು ಕಾಫಿಯನ್ನು ಕಡುವಾಗಿ ಇಳಿಸಿ, ಆರಿಸಿ, ಐಸ್ ತಟ್ಟೆಗೆ ಸುರಿದು ಅದನ್ನೇ ಹೆಪ್ಪುಗಟ್ಟಿಸಬೇಕು. ಕಾಫಿಯ ಆ ತುಂಡುಗಳ ಮೇಲೆ ತಣ್ಣಗಾದ ಗಟ್ಟಿ ಹಾಲು ಸುರಿದರೆ, ಕರಗಿದಷ್ಟೂ ಕಾಫಿಯೇ ಹೊರತು ನೀರಲ್ಲ.

ತಿರುವುತ್ತಾ ನಿಂತವನು ಅವಳ ಪ್ರತಿ ಪ್ರಶ್ನೆಗೂ "ಹಾಂ?" ಎಂದು ತಲೆ ತಿರುಗಿಸುತ್ತಿದ್ದ. ಮೂರನೆಯ ಸಲಕ್ಕೆ ಅವಳಿಗೆ ಗೊತ್ತಾಯಿತು.

"ನಿಮ್ಮ ಎಡಗಿವಿ ಮಂದ."

"ಕಂಪ್ರೆಸರ್ ಪಕ್ಕದಲ್ಲೇ ಬದುಕು. ಅದಕ್ಕಿರಬೇಕು."

"ಕೂತ್ಕೊಳ್ಳಿ. ನನ್ನ ಕಡೆ ಬೆನ್ನು ಮಾಡಿ. ಕೇಳಿಸಿದ್ರೆ ಕೈ ಎತ್ತಿ."

ಅಂಗೈಯಿಂದ ಬಾಯಿ ಮುಚ್ಚಿಕೊಂಡು ಅವಳು ಮೆಲ್ಲಗೆ ಒಂದೊಂದೇ ಪದ ಹೇಳಿದಳು. ಬಲಕ್ಕೆ ನಿಂತು "ಸಕ್ಕರೆ" ಎಂದಾಗ ಕೈ ಎತ್ತಿದ. ಎಡಕ್ಕೆ ಬಂದು "ಚಮಚ" ಎಂದಾಗ ಸುಮ್ಮನೆ ಕೂತಿದ್ದ.

"ಬಾಯಿ ಯಾಕೆ ಮುಚ್ಕೋತೀರ?" ಎಂದ ತಿರುಗಿ ನೋಡಿ.

"ಹೀಗೇ ತಿರುಗಿ ತುಟಿ ಓದಿ ಮೋಸ ಮಾಡ್ತಾರೆ ಜನ."

ಎಣ್ಣೆಯ ಕಲೆಯ ಅಂಗಿ, ತಪ್ಪು ಹೇಳಿಬಿಟ್ಟೇನೋ ಎಂದು ಹೆದರಿದ ಮಗುವಿನಂತೆ ಮತ್ತೆ ನೆಟ್ಟಗೆ ಕೂತ ಬೆನ್ನು... ಅದನ್ನು ನೋಡುತ್ತಾ ನಿಂತವಳಿಗೆ ಮುಂದಿನ ಪದವೇ ಮರೆತುಹೋಯಿತು. *ಇದೇನಾಯ್ತು ನಂಗೆ?* ಎಂದುಕೊಂಡಳು.

ಆಮೇಲಿನ ಭಾನುವಾರಗಳಲ್ಲಿ ಅವನು ಕರೆಯದೆಯೇ ಬಂದ. ಒಂದು ಸಲ ಬಾಗಿಲಿನ ರಬ್ಬರ್ ನೋಡಲು, ಇನ್ನೊಂದು ಸಲ ಫ್ರಿಜ್‌ನ ಕಾಲು ಮಟ್ಟ ಮಾಡಲು. ಇಷ್ಟು ಆರೋಗ್ಯವಾಗಿರುವ ಫ್ರಿಜ್ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಅಜ್ಜಿ ಎರಡೆರಡು ಲೋಟ ಕುಡಿದು ಬಿಳಿ ಮೀಸೆ ಒರೆಸಿಕೊಳ್ಳುತ್ತಾ ಎಲ್ಲವನ್ನೂ ನೋಡುತ್ತಿದ್ದರು.

ಅವನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ ಅವನು "ಹಾಂ?" ಎಂದುಬಿಟ್ಟರೆ? ಎರಡನೇ ಸಲ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಹೀಗಿರುವಾಗ ಒಂದು ಬುಧವಾರ ಸಂಜೆ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬ್ಯಾಗಿರಲಿಲ್ಲ. ಒಳಗೂ ಬರಲಿಲ್ಲ.

"ಬಂದರಿನ ಊರಲ್ಲಿ ಒಂದು ಕೋಲ್ಡ್ ಸ್ಟೋರೇಜ್. ಅಲ್ಲಿಗೆ ಕರೆದಿದ್ದಾರೆ. ದೊಡ್ಡ ಕೆಲಸ."

"ಓ..."

"ಶನಿವಾರ ಐದು ಗಂಟೆಯೊಳಗೆ ಫೋನ್ ಮಾಡಿ ಹೂಂ ಅನ್ಬೇಕು. ಇಲ್ಲ ಉಹೂಂ ಅನ್ಬೇಕು."

ಅವನು ಚೌಕಟ್ಟಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ.

"ಅದಕ್ಕೇ... ನೀವು ಸ್ವಲ್ಪ ಮನಸ್ಸು ಗಟ್ಟಿ ಮಾಡಿ."

ಅಷ್ಟೇ ಮಾತು. ಸಾವಿನ ಮನೆಯಲ್ಲಿ ಹೇಳುವ ಮಾತಲ್ಲವೇ ಅದು? ತಡ್ಕೊಳ್ಳಿ, ನಾನು ಹೊರಟೆ ಅಂತ ತಾನೇ ಅರ್ಥ?

"ಒಳ್ಳೇದಾಗ್ಲಿ," ಎಂದು ಬಾಗಿಲು ಹಾಕಿದಳು. ಮುಚ್ಚುವಾಗ ಅವನ ಮುಖ ಹೇಗಿತ್ತೆಂದು ನೋಡಲೂ ಇಲ್ಲ.

ಗುರುವಾರ ಹಾಲು ತಳ ಹಿಡಿಯಿತು. ಶುಕ್ರವಾರ ಸಕ್ಕರೆ ಎರಡು ಸಲ ಬಿತ್ತು. ಕ್ಲಿನಿಕ್‌ನಲ್ಲಿ ಕೈ ಎತ್ತದ ಒಬ್ಬ ಹಿರಿಯರ ಮೇಲೆ ರೇಗಿ, ಆಮೇಲೆ ಕ್ಷಮೆ ಕೇಳಿದಳು. *ಅವ್ರು ಯಾಕೆ ಬರ್ಬೇಕಿತ್ತು, ಎಡಗಿವಿ ಯಾಕೆ ತೋರಿಸ್ಬೇಕಿತ್ತು... ಈಗ ಮನಸ್ಸು ಗಟ್ಟಿ ಮಾಡ್ಬೇಕಂತೆ.* ಸಿಟ್ಟು ಅವನ ಮೇಲೋ ತನ್ನ ಮೇಲೋ ಗೊತ್ತಾಗದೆ ಪಾತ್ರೆಗಳನ್ನೆಲ್ಲ ದಡಬಡ ತೊಳೆದಳು.

ಶನಿವಾರ ಕ್ಲಿನಿಕ್ ಅರ್ಧ ದಿನ. ಮಧ್ಯಾಹ್ನ ಮನೆಗೆ ಬಂದು ಅಜ್ಜಿಗೆ ಕಾಫಿ ಕೊಟ್ಟಳು. ಅಜ್ಜಿ ಲೋಟ ದೂರ ಸರಿಸಿದರು.

"ಇದು ಮತ್ತೆ ಲೋಟ ತೊಳೆದ ನೀರು. ಏನಂದ ಅವನು ಮೊನ್ನೆ ಬಾಗಿಲಲ್ಲಿ?"

"ಹೋಗ್ತಾನಂತೆ. ಮನಸ್ಸು ಗಟ್ಟಿ ಮಾಡ್ಕೊ ಅಂದ."

"ಮಾಡ್ಕೊ ಅಂದ್ನೋ, ಮಾಡಿ ಅಂದ್ನೋ?"

"ಎರಡೂ ಒಂದೇ ಅಲ್ವಾ ಅಜ್ಜಿ."

"ನಂಗೆ ಹಲ್ಲು ಹೋಗಿದೆ, ಕಿವಿ ಹೋಗಿಲ್ಲ. ನಾನೂ ಕೇಳಿಸ್ಕೊಂಡೆ. ಶನಿವಾರದೊಳಗೆ ಹೂಂ ಅನ್ಬೇಕೋ ಉಹೂಂ ಅನ್ಬೇಕೋ, ನೀವು ಮನಸ್ಸು ಗಟ್ಟಿ ಮಾಡಿ ಅಂದ. ಹೋಗೋದು ಖಾತ್ರಿ ಆಗಿದ್ರೆ ನಿನ್ನ ಹತ್ರ ಬಂದು ಉಹೂಂ ಮಾತು ಯಾಕೆ ಎತ್ತಬೇಕಿತ್ತು? ಧೈರ್ಯ ಮಾಡಿ ಬಾಯಿ ಬಿಡಿ ಅಂತ ಕೇಳಿದ್ದಾನೆ ಕಣೇ ಪಾಪ."

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

"ಅವನು ಗಟ್ಟಿ ಅಂದಾಗ ಹಾಲನ್ನ ಫ್ರೀಜರಿಗೆ ತಳ್ಳಿದವಳು ನೀನು. ಈಗ ಅವನನ್ನೂ ಅಲ್ಲಿಗೇ ತಳ್ಳಿದ್ದೀಯ," ಎಂದರು ಅಜ್ಜಿ.

ಗಡಿಯಾರದಲ್ಲಿ ಮೂರೂವರೆ. ಫೋನ್ ಮಾಡಿದರೆ ಅವನು ಯಾವ ಕಿವಿಗೆ ಹಿಡಿಯುತ್ತಾನೋ! ಅವಳು ಹಾಲು ಒಲೆಗೇರಿಸಿದಳು. ಬರಿಗೈಯಲ್ಲಿ ಹೋಗಿ ನಿಲ್ಲಲು ನಾಚಿಕೆ. ಹಾಲು ಅರ್ಧಕ್ಕೆ ಇಳಿಯುವವರೆಗೆ ಕಾಯಲು ಸಮಯವಿಲ್ಲ. ಮುಕ್ಕಾಲಿಗೇ ಇಳಿಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ತಿರುವಿ, ಕಾಫಿಯ ತುಂಡುಗಳೊಂದಿಗೆ ಫ್ಲಾಸ್ಕಿಗೆ ಸುರಿದು ಓಡಿದಳು.

ಅವನ ವರ್ಕ್‌ಶಾಪ್ ಮೂರನೇ ಬೀದಿಯಲ್ಲಿ. ಬಾಗಿಲಿಗೆ ಬೆನ್ನು ಹಾಕಿ, ಉಜ್ಜಿ ಹೊಳೆಯಿಸಿದ ಸ್ಟೀಲಿನ ದೊಡ್ಡ ಫ್ರಿಜ್ ಒಂದರ ಮುಂದೆ ಸ್ಟೂಲಿನ ಮೇಲೆ ಕೂತಿದ್ದ. ಮೊಣಕಾಲ ಮೇಲೆ ಫೋನು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತೇಹೋಯಿತು. ಅವಳು ಮೆಲ್ಲಗೆ ಹೋಗಿ ಅವನ ಹಿಂದೆ, ಎಡಕ್ಕೆ ನಿಂತಳು. ಬೇಕೆಂದೇ ಎಡಕ್ಕೆ. ಒಂದು ಸಲ ಹೇಳಿ ನೋಡುವುದು. ಕೇಳಿಸದಿದ್ದರೆ ಕೇಳಿಸಲಿಲ್ಲ.

"ಹೋಗ್ಬೇಡಿ," ಎಂದಳು. ಉಸಿರಿನಷ್ಟೇ ದನಿ. "ನೀವಿಲ್ದೆ ನಂಗೆ ಆಗಲ್ಲ."

ಅವನು ಅಲ್ಲಾಡಲಿಲ್ಲ.

ಅವಳ ಕಣ್ಣು ತುಂಬಿತು. ಫ್ಲಾಸ್ಕ್ ನೆಲದ ಮೇಲಿಟ್ಟು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಆಗ ಅವನ ಕೈ ನಿಧಾನವಾಗಿ ಮೇಲಕ್ಕೆದ್ದಿತು, ಪರೀಕ್ಷೆಗೆ ಕೂತವರು ಎತ್ತುವ ಹಾಗೆ, ನೆಟ್ಟಗೆ.

ಅವಳು ಹಿಂದಿಟ್ಟ ಹೆಜ್ಜೆಯನ್ನು ಮತ್ತೆ ಮುಂದಕ್ಕಿಟ್ಟಳು.

"ಎಡಗಿವಿಗೆ... ಕೇಳಿಸ್ತಾ?"

"ಇಲ್ಲ." ಅವನು ಎದುರಿನ ಸ್ಟೀಲ್ ಬಾಗಿಲು ತೋರಿಸಿದ. ಅದರಲ್ಲಿ ಅವಳ ಮುಖ ಕನ್ನಡಿಯಷ್ಟು ಸ್ಪಷ್ಟವಾಗಿತ್ತು. "ಇವತ್ತು ಬಾಯಿ ಮುಚ್ಕೊಂಡಿರ್ಲಿಲ್ಲ ನೀವು."

"ಇದು ಮೋಸ."

"ಮೋಸಾನೇ." ಅವನು ತಿರುಗಿದ. ಮೂರು ದಿನ ನಿದ್ದೆಯಿಲ್ಲದ ಕಣ್ಣುಗಳು. "ಒಳ್ಳೇದಾಗ್ಲಿ ಅಂತ ಬಾಗಿಲು ಹಾಕಿದ್ರಲ್ಲ. ಅಷ್ಟೇ ಅಂದ್ಕೊಂಡೆ."

"ಪೂರ್ತಿ ಹೇಳೋಕೇನಾಗಿತ್ತು ನಿಮಗೆ? ಅವತ್ತೂ ಜಾಗ ಇರ್ಲಿಲ್ವಾ?"

"ಜಾಗ ಇತ್ತು. ಧೈರ್ಯ ಇರ್ಲಿಲ್ಲ." ಅವನು ಫೋನ್ ಕೈಗೆ ತೆಗೆದುಕೊಂಡ. "ಗಟ್ಟಿನಾ?"

"ಯಾವ ಗಟ್ಟಿ? ಸರಿಯಾಗಿ ಹೇಳಿ. ನಿಮ್ಮ ಗಟ್ಟಿಯಿಂದ ನಾನು ಎರಡು ಸಲ ಕೆಟ್ಟಿದ್ದೀನಿ."

"ಈಗ ನೀವು ಹೇಳಿದ ಮಾತು. ನಾನಿಲ್ದೆ ನಿಮಗಾಗಲ್ಲ ಅನ್ನೋದು. ಅದು ಗಟ್ಟಿನಾ ಅಂತ ಕೇಳ್ತಿದ್ದೀನಿ." ಅವನ ಜೀವನದಲ್ಲೇ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲಿರಬೇಕು.

"ಗಟ್ಟಿ," ಎಂದಳು ಅವಳು.

ಅವನು ಫೋನನ್ನು ಬಲಗಿವಿಗೆ ಹಿಡಿದು, "ಉಹೂಂ ಸಾರ್, ಬರಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಒಂದೇ ಲೋಟವಿತ್ತು. ಇಬ್ಬರೂ ಸರದಿಯಂತೆ ಕುಡಿದರು. ಅವನು ನಾಲಿಗೆ ಚಪ್ಪರಿಸಿ ಹುಬ್ಬು ಗಂಟಿಕ್ಕಿದ.

"ಹಾಲು ಗಟ್ಟಿಯಾಗಿಲ್ಲ."

"ಗೊತ್ತು. ಟೈಮ್ ಇರ್ಲಿಲ್ಲ. ನಾಳೆ ಭಾನುವಾರ, ಬಂದು ಸರಿಯಾಗಿ ತೋರಿಸಿ."

"ಭಾನುವಾರ ಮಾತ್ರನಾ?"

ಅವಳು ಅವನ ಎಡಗಿವಿಯ ಹತ್ತಿರ ಬಾಗಿ, ಈ ಸಲ ಅಂಗೈಯಿಂದ ಬಾಯಿ ಮುಚ್ಚಿಕೊಂಡು, ಏನೋ ಹೇಳಿದಳು. ಅವನು ತಕ್ಷಣ ಕೈ ಎತ್ತಿದ.

"ಸುಳ್ಳು. ಏನು ಕೇಳಿಸ್ತು, ಹೇಳಿ ನೋಡೋಣ?"

"ಒಂದಕ್ಷರಾನೂ ಕೇಳಿಸ್ಲಿಲ್ಲ," ಎಂದ ಅವನು, ಎತ್ತಿದ ಕೈ ಇಳಿಸದೆ. "ನೀವು ಏನೇ ಹೇಳಿದ್ರೂ ನಂದು ಹೂಂ."