ಕಂದರ ಹತ್ತಿದ ಟೈಲರಮ್ಮ

"ಇಲ್ಲಿಂದಲೇ ನೋಡ್ಕೊಂಡು ಹೋಗಿ ಮೇಡಂ. ಕೆಳಗಿನ ದಾರಿ ನಿಮಗಾಗಲ್ಲ."

ಗೇಟಿನಲ್ಲಿದ್ದ ಗಾರ್ಡ್ ಹೀಗೆಂದಾಗ ಅವನ ಕಣ್ಣು ಅವಳ ಎಡಗಾಲಿನ ಮೇಲಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗಿನಿಂದ ಎಲ್ಲರೂ ಅವಳ ಮುಖಕ್ಕಿಂತ ಮೊದಲು ಕಾಲನ್ನೇ ನೋಡುತ್ತಿದ್ದರು.

"ಆಗುತ್ತೋ ಇಲ್ವೋ ಇಳಿದ ಮೇಲೆ ಗೊತ್ತಾಗುತ್ತೆ. ಟಿಕೆಟ್ ಕೊಡಿ," ಎಂದಳು.

ಹಿಂದೆ ನಿಂತಿದ್ದ ಅಣ್ಣ ಕೆಮ್ಮಿದ. ತಂಗಿಯ ಹೊಲಿಗೆ ಅಂಗಡಿ ಮುಚ್ಚಿಸಿ, ಅವಳನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳಬೇಕೆಂದು ಅವನು ಪಟ್ಟು ಹಿಡಿದಿದ್ದ. ಪ್ರೀತಿಯಿಂದಲೇ, ಆದರೆ ಆ ಪ್ರೀತಿಯಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ಕೊನೆಗೆ ಅವಳೇ ಪಂಥ ಕಟ್ಟಿದಳು. ಚಿಕ್ಕವರಿದ್ದಾಗ ಇಬ್ಬರೂ ಓಡಿ ಇಳಿದಿದ್ದ ಈ ಮರಳುಗಲ್ಲಿನ ಕಂದರದ ತಳ ಮುಟ್ಟಿ ಸ್ವಂತ ಕಾಲಲ್ಲಿ ಮೇಲೆ ಬಂದರೆ, ಅಂಗಡಿಯ ಸುದ್ದಿಗೆ ಯಾರೂ ಬರಬಾರದು. ಆಗದಿದ್ದರೆ ಮಷೀನುಗಳನ್ನು ತಾನೇ ಮಾರಿಬಿಡುತ್ತೇನೆ ಎಂದಿದ್ದಳು.

ಅಣ್ಣನನ್ನು ಗೇಟಿನಲ್ಲೇ ನಿಲ್ಲಿಸಿ ಅವಳು ಹೊರಟಳು. ಒಬ್ಬರನ್ನೇ ಕೆಳಗೆ ಬಿಡುವಂತಿಲ್ಲ ಎಂದು ಹೇಳಿ ಗಾರ್ಡ್ ಜೊತೆಗೆ ಹೊರಟ.

ಎರಡೂ ಕಡೆ ಕೆಂಪು ಗೋಡೆಗಳು. ಅವಳ ಅಂಗಡಿಯ ಕಪಾಟಿನಲ್ಲಿ ಬಟ್ಟೆ ಮಡಚಿ ಜೋಡಿಸಿದಂತೆ ಕಲ್ಲಿನ ಪದರಗಳು. ಕಾಲಡಿಯಲ್ಲಿ ಜಾರುವ ಒಣ ಮರಳು. ಪ್ರತಿ ಕಲ್ಲನ್ನೂ ಕೋಲಿನಿಂದ ತಟ್ಟಿ ನೋಡಿ, ಆಮೇಲೆ ಭಾರ ಬಿಟ್ಟು ಅವಳು ಇಳಿಯತೊಡಗಿದಳು.

ಮೊದಲ ತಿರುವಿನವರೆಗೂ ಮುಂದೆ ನಡೆಯುತ್ತಿದ್ದ ಗಾರ್ಡ್ ಅದನ್ನು ಗಮನಿಸಿದ. ಆಮೇಲೆ ಪಕ್ಕಕ್ಕೆ ಸರಿದು ಅವಳ ಹಿಂದೆ ಬಂದ.

ಆ ಕಂದರದ ಗಾರ್ಡುಗಳದು ಹಳೇ ರೂಢಿ. ಯಾರ ಹೆಜ್ಜೆಯ ಮೇಲೆ ತಮಗೆ ನಂಬಿಕೆ ಇಲ್ಲವೋ ಅವರಿಗೆ ಮುಂದೆ ನಡೆದು ದಾರಿ ತೋರಿಸುತ್ತಾರೆ, ಯಾರ ಮೇಲೆ ನಂಬಿಕೆ ಬಂತೋ ಅವರ ಹಿಂದೆ ನಡೆಯುತ್ತಾರೆ. ಪಾಪ, ಅವಳಿಗೆ ಅದೇನು ಗೊತ್ತು? ನಾನು ಬೀಳೋದನ್ನೇ ಕಾಯ್ತಿದ್ದಾನೆ, ಎತ್ತಿಕೊಂಡು ಹೋಗೋ ಸಿದ್ಧತೆ ಇದು... ಎಂದು ಹಲ್ಲು ಕಚ್ಚಿದಳು.

ಅಂತೂ ತಳ ಮುಟ್ಟಿದಳು. ಬಂಡೆಯ ನೆರಳಲ್ಲಿ ನಿಂತ ಹಸಿರು ನೀರಿಗೆ ಕೈ ಅದ್ದಿ ಮುಖ ತೊಳೆದುಕೊಂಡಳು. ಅಷ್ಟರಲ್ಲಿ ಗಾರ್ಡ್ ವಾಕಿಟಾಕಿಯಲ್ಲಿ ಮೆಲ್ಲಗೆ ಮಾತಾಡುವುದು ಕೇಳಿಸಿತು.

"ಹೌದು, ಸ್ಟ್ರೆಚರ್ ಬೇಕು. ನಡೆಸೋಕಾಗಲ್ಲ, ಹೊತ್ತೇ ತರಬೇಕು."

ಅವಳ ಕಣ್ಣು ತುಂಬಿ ಬಂತು. ಅಳು ಕೂಡ ಸಿಟ್ಟಿನದೇ.

"ನಾನು ಬಿದ್ದೆನಾ? ಕೈ ಹಿಡೀರಿ ಅಂದೆನಾ? ದಾರಿ ಪೂರ್ತಿ ಬೆನ್ನ ಹಿಂದೆ ಕಾದಿದ್ದು ಸಾಲದಾ? ಸತ್ತರೂ ಆ ಸ್ಟ್ರೆಚರ್ ಮೇಲೆ ಮಲಗಲ್ಲ ನಾನು."

ಗಾರ್ಡ್ ತಬ್ಬಿಬ್ಬಾದ. "ಅದು ನಿಮಗಲ್ಲ... ನಿಮ್ಮ ಅಣ್ಣನಿಗೆ."

ತಂಗಿ ಎಲ್ಲಿ ಬೀಳುತ್ತಾಳೋ ಎಂಬ ಚಿಂತೆಗೆ ಅಣ್ಣ ಗೇಟಿನವರ ಕಣ್ಣು ತಪ್ಪಿಸಿ ಹಿಂದೆಯೇ ಇಳಿದಿದ್ದನಂತೆ. ಮೊದಲ ತಿರುವಿನಲ್ಲೇ ಪಾದ ಉಳುಕಿಸಿಕೊಂಡು ಕೂತಿದ್ದನಂತೆ. ಗೇಟಿನವರು ಈಗ ತಾನೇ ವಾಕಿಟಾಕಿಯಲ್ಲಿ ಸುದ್ದಿ ಕೊಟ್ಟಿದ್ದರು. ಹಿಂದೆ ನಡೆಯುವುದರ ಅರ್ಥವನ್ನೂ ಗಾರ್ಡ್ ಆಗಲೇ ಹೇಳಿದ. ಗೇಟಿನಲ್ಲಿ ಅಂದದ್ದು ತಪ್ಪು ಎಂದೂ ಒಪ್ಪಿಕೊಂಡ.

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೋಲು ಊರಿ ಎದ್ದಳು. ಏರುವಾಗ ತೊಡೆ ನಡುಗಿತು, ಮೊಣಕಾಲು ಕಿತ್ತುಬರುವಂತೆ ನೋಯಿತು. ಎರಡು ಕಡೆ ಕೂತು ಸುಧಾರಿಸಿಕೊಂಡಳೇ ಹೊರತು ಯಾರ ಕೈಯನ್ನೂ ಹಿಡಿಯಲಿಲ್ಲ.

ತಿರುವಿನಲ್ಲಿ ಗೇಟಿನಿಂದ ಬಂದವರು ಅಣ್ಣನನ್ನು ಸ್ಟ್ರೆಚರಿಗೆ ಹಾಕಿದರು. ಗಾರ್ಡ್ ಒಂದು ತುದಿ ಹಿಡಿದು, "ಮುಂದೆ ನಡೀರಿ, ಗಟ್ಟಿ ಕಲ್ಲು ನೋಡಿ ಹೇಳಿ," ಎಂದು ಅವಳಿಗೇ ಹೇಳಿದ. ಅವಳು ಹೆಜ್ಜೆ ಇಟ್ಟಲ್ಲೇ ಅವರೂ ಇಟ್ಟರು.

ಗೇಟು ಬಂದಾಗ ಅಣ್ಣ ಮಲಗಿದ್ದಲ್ಲಿಂದಲೇ ತಂಗಿಯ ಸೆರಗು ಹಿಡಿದೆಳೆದ. "ಅಂಗಡಿ ಸುದ್ದಿಗೆ ಬರಲ್ಲ ಕಣೇ," ಎಂದ.

ಮುಂದಿನ ವಾರ ಗಾರ್ಡ್ ಅವಳ ಅಂಗಡಿಗೆ ಬಂದ. ಯೂನಿಫಾರಂ ಅಂಗಿಯ ಗುಂಡಿಯೊಂದು ಬಿದ್ದುಹೋಗಿತ್ತು. ಅದರ ಮುಂದಿನ ವಾರ ಇನ್ನೊಂದು ಗುಂಡಿ. ಹೀಗೇ ವಾರಗಳು ಕಳೆದವು. ಅವನು ಸ್ಟೂಲಿನ ಮೇಲೆ ಕೂತು ಕಂದರದ ಹದ್ದುಗಳ ಕಥೆ ಹೇಳುತ್ತಿದ್ದ. ಅವನ ಬಸ್ಸು ತಡವಾದರೆ ಅವಳ ಕತ್ತರಿ ಬಟ್ಟೆಯ ಮೇಲೆ ಅಡ್ಡಾದಿಡ್ಡಿ ಓಡುತ್ತಿತ್ತು. ನನಗೆ ಇವನು ಬೇಕು ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ಆದರೆ ಅಂಗಡಿ ಬಿಟ್ಟು ಬಾ ಎಂದರೆ? ಹೇಳಬೇಕಾದ್ದನ್ನು ತಾನೇ ಮೊದಲು ಹೇಳಿಬಿಡಬೇಕೆಂದು ನಿರ್ಧರಿಸಿದಳು.

ಒಂದು ಭಾನುವಾರ ಅಂಗಿಯನ್ನು ಬೆಳಕಿಗೆ ಹಿಡಿದಳು.

"ಸವೆದ ದಾರ ಎಳೆಎಳೆ ಬಿಚ್ಚಿಕೊಂಡಿರುತ್ತೆ. ಇದು ನೀಟಾಗಿ ಬ್ಲೇಡಲ್ಲಿ ಕುಯ್ದ ದಾರ. ಪ್ರತಿ ವಾರವೂ ಹೀಗೇ. ಟೈಲರ್ ಹತ್ತಿರ ಈ ಆಟ ನಡೆಯುತ್ತಾ?"

ಅವನ ಮುಖ ಕೆಂಪಾಯಿತು. "ಇಲ್ಲಿಗೆ ಬರೋಕೆ ಬೇರೆ ನೆಪ ಹೊಳೀಲಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ."

"ನನಗೂ ಇಷ್ಟ. ಆದ್ರೆ ಅಂಗಡಿ ಬಿಡಲ್ಲ, ಈಗಲೇ ಹೇಳ್ತೀನಿ."

"ನಾನೂ ಕಂದರ ಬಿಡಲ್ಲ. ನಡುವೆ ಬಸ್ಸಿದೆಯಲ್ಲ."

ಅವಳು ಸೂಜಿಗೆ ದಾರ ಪೋಣಿಸಲು ನೋಡಿದಳು. ಎರಡು ಸಲವೂ ದಾರ ಪಕ್ಕಕ್ಕೆ ಹೋಯಿತು.

"ಹಾಗಾದ್ರೆ ಇನ್ಮೇಲೆ ಗುಂಡಿ ಕುಯ್ಯದೆ ಬರಲಾ?" ಎಂದು ಅವನು ಕೇಳಿದ.

"ಬನ್ನಿ... ಆದ್ರೆ ಕೊನೇ ಬಸ್ಸಿಗೇ ಹೋಗ್ಬೇಕು, ಅದಕ್ಕಿಂತ ಮುಂಚೆ ಏಳಬಾರದು," ಎಂದಳು.