ಎತ್ತಿಬಿಟ್ಟ ಏಳನೇ ಎಲೆ

ಬೀರಕ್ಕನ ನಲವತ್ತು ತಟ್ಟೆ ರೇಷ್ಮೆಹುಳು ಬೆಳೆಯಲು ಇಪ್ಪತ್ತೆರಡು ದಿನ ಹಿಡಿದಿತ್ತು. ಸುಡಲು ಒಂದು ಬಾಟಲಿ ಪೆಟ್ರೋಲು ಸಾಕು. ಆ ಬಾಟಲಿಯನ್ನು ಪಕ್ಕದ ಮನೆಯ ರಾಮಾಂಜಿ ಆಗಲೇ ತಂದಿಟ್ಟಿದ್ದ.

ದ್ರಾಕ್ಷಾಯಣಮ್ಮ ಹಿಂದೂಪುರದಲ್ಲಿ ಮೆಸ್ ನಡೆಸುತ್ತಾರೆ; ಸುತ್ತಲಿನವರ ತಂಟೆಗಳನ್ನೂ ಬಿಡಿಸುತ್ತಾರೆ. ಅಲ್ಲಿ ತರಕಾರಿ ಹೆಚ್ಚುತ್ತಾ, ಕರೆದಲ್ಲಿಗೆಲ್ಲ ಅವರ ಹಿಂದೆ ಅಲೆಯುವವನು ನಾನು. ಬೀರಕ್ಕ ಪರಿಗಿಯ ಮೊದಲ ಬಸ್ಸಿಗೇ ಬಂದು ಕೂತಳು.

"ನನ್ ಹುಳ ಚೆನ್ನಾಗವೆ ಕಣಮ್ಮ! ಕಲ್ಯಾಣದುರ್ಗದ ಲ್ಯಾಬಿನೋರು ಗಂಟುರೋಗ ಅಂತ ಬರೆದ್ಬುಟ್ಟವ್ರೆ, ಊರ ಹುಳಕ್ಕೆಲ್ಲ ಅಂಟೋ ರೋಗ. ನಾಳೆ ಸಂಜೆ ಸುಡ್ತಾರಂತೆ. ಹದಿಮೂರನೇ ಮನೆ ರಾಮಾಂಜೀನೇ ಪರೀಕ್ಷೆಗೆ ಕೊಟ್ಟ ಹುಳದ ಶೀಸೆ ಬದಲಾಯಿಸವ್ನೆ!"

"ನೀನು ಕಂಡ್ಯಾ?"

"ಅವನ ಮೂತಿ ಕಂಡ್ರೆ ಸಾಲ್ದಾ?"

ಅಮ್ಮನವರು ನಿಟ್ಟುಸಿರಿಟ್ಟು, ಅವಳು ತಂದಿದ್ದ ಫಲಿತಾಂಶದ ಹಾಳೆ ಬಿಡಿಸಿದರು. ಇಪ್ಪತ್ತು ಮನೆಗಳು. ಹನ್ನೆರಡನೆಯದು ಬೀರಕ್ಕನದು: ರೋಗ. ಇಪ್ಪತ್ತನೆಯದರ ಎದುರು ಏನೂ ಇಲ್ಲ. ಉಳಿದದ್ದೆಲ್ಲ ಆರೋಗ್ಯ.

"ಇಪ್ಪತ್ತನೆಯೋರು ಪರೀಕ್ಷೆಗೆ ಹುಳ ಕೊಡಲಿಲ್ವಾ?"

"ಎಲ್ಲಾರ್ಗಿಂತ ಮುಂಚೆ ಕೊಟ್ರು. ಕೊಡದೆ ಇದ್ದದ್ದು ಏಳನೇ ಮನೆ ಭ್ರಮರಾಂಬ. ಸೂತಕ. ಸೂತಕದಾಗೆ ಹುಳುಮನೆಗೆ ಯಾರು ಕಾಲಿಕ್ತಾರೆ?"

"ಕೊಡದ ಹುಳಕ್ಕೆ ಆರೋಗ್ಯ ಅಂತ ಬರೆದವ್ರಲ್ಲ! ಏಳಯ್ಯ, ಕಲ್ಯಾಣದುರ್ಗಕ್ಕೆ ಹೊರಡು."

ನಾನು ಸೌತೆಕಾಯಿ ಅರ್ಧ ಮಾತ್ರ ಹೆಚ್ಚಿದ್ದೆ. ಕೇಳುವವರು ಯಾರು? ದಾರಿಯಲ್ಲಿ ಒಂದು ಬಸ್ಸು ಕೆಟ್ಟಿತು, ಇನ್ನೊಂದು ನಿಲ್ಲಲೇ ಇಲ್ಲ. ಅಂತೂ ಮರುದಿನ ಸಂಜೆ, ಲ್ಯಾಬಿನ ಕಂಪ್ಯೂಟರ್ ನೋಡಿಕೊಳ್ಳುವ ಮೌನಿಕಾಳನ್ನು ಲ್ಯಾಪ್‌ಟಾಪ್ ಸಮೇತ ಬೀರಕ್ಕನ ಅಂಗಳಕ್ಕೆ ತಂದೆವು. ಇಪ್ಪತ್ತು ಮನೆಯವರೂ ಸೇರಿದ್ದರು.

"ಏಳನೇ ಮನೇದು ಏನು ಮಾಡ್ದೆ, ಹೇಳಮ್ಮ," ಎಂದರು ಅಮ್ಮನವರು.

"ಕಂಪ್ಯೂಟರಿನ 'ಆರ್' ಭಾಷೆಯಲ್ಲಿ ಮನೆಗೊಂದರಂತೆ ಇಪ್ಪತ್ತು ಜಾಗದ ಲಿಸ್ಟ್ ಮಾಡಿದ್ದೆ. ಏಳರಲ್ಲಿ 'ಬಾಕಿ' ಅಂತಿತ್ತು. ಎಲ್ಲಾ ತುಂಬಿದ ಮೇಲೂ ಆ ಹುಳ ಬರಲಿಲ್ಲ. ಖಾಲಿ ಇರ್ಲಿ ಅಂತ ನಲ್ ಹಾಕಿದೆ. ನಲ್ ಅಂದ್ರೆ ಏನೂ ಇಲ್ಲ ಅಂತ."

"ಈಗ ಎಷ್ಟು ಜಾಗ ಅವೆ, ಎಣಿಸು."

ಎಣಿಸಿದ ಹುಡುಗಿ ಪೆಚ್ಚಾದಳು. "ಹತ್ತೊಂಬತ್ತು! ಅಮ್ಮಾ, ಆ ಜಾಗಾನೇ ಪೋಯಿಂದಿ, ಹೋಗೇಬಿಟ್ಟಿದೆ!"

"ಶೀಸೆ ಯಾರೂ ಮುಟ್ಟಿಲ್ಲ ಕಣ್ರಪ್ಪ," ಅಮ್ಮನವರು ಜನರತ್ತ ತಿರುಗಿದರು. "ಪಂಕ್ತೀಲಿ ಒಬ್ಬ ಬರಲಿಲ್ಲ ಅಂತ ಎಲೆ ಎತ್ತಿಬಿಟ್ರೆ, ಆಚೆಯೋರೆಲ್ಲ ಒಂದೊಂದು ಎಲೆ ಈಚೆಗೆ ಜರುಗ್ತಾರೆ. ಎಂಟರದ್ದು ಏಳಕ್ಕೆ ಬಂತು, ಅದಕ್ಕೇ ಭ್ರಮರಾಂಬಗೆ ಆರೋಗ್ಯ. ಇಪ್ಪತ್ತರದ್ದು ಹತ್ತೊಂಬತ್ತಕ್ಕೆ ಹೋಯ್ತು, ಅದಕ್ಕೇ ಕೊನೆ ಮನೆ ಖಾಲಿ. ಹಂಗಾದ್ರೆ ಹನ್ನೆರಡಕ್ಕೆ ಬಂದದ್ದು ಯಾರದ್ದು?"

ರಾಮಾಂಜಿ ಬೆರಳು ಮಡಚಿ ಎಣಿಸತೊಡಗಿದ.

"ಎಲೆ ಎತ್ತಬೇಡ ಕಣಮ್ಮ, ಖಾಲಿ ಎಲೆ ಹಾಕಿಡು."

ಮೌನಿಕಾ ಹಳೆಯ ಲಿಸ್ಟನ್ನು ಮತ್ತೆ ತೆರೆದಳು. ಒಂಟಿ ಚೌಕ ಆವರಣದಲ್ಲಿ ಏಳು ಎಂದು ಬರೆದು, ಬರಿಯ ನಲ್ ಬದಲು ನಲ್ ತುಂಬಿದ ಪುಟ್ಟ ಲಿಸ್ಟನ್ನು, ಅಂದರೆ ಖಾಲಿ ಎಲೆಯನ್ನು, ಅಲ್ಲಿಟ್ಟಳು. ಈಗ ಇಪ್ಪತ್ತೂ ಉಳಿದವು. ಏಳು ಖಾಲಿ. ಹನ್ನೆರಡು ಆರೋಗ್ಯ. ಹದಿಮೂರು ರೋಗ.

ರಾಮಾಂಜಿ ತಾನೇ ತಂದಿದ್ದ ಬಾಟಲಿಯನ್ನು ಕೈಗೆತ್ತಿಕೊಂಡ.

"ನಿನ್ನ ಕಳ್ಳ ಅಂದ್ಬುಟ್ಟೆ ಕಣಪ್ಪ," ಎಂದಳು ಬೀರಕ್ಕ. ಅವನು ತನ್ನ ತಟ್ಟೆಗಳಿಗೆ ಪೆಟ್ರೋಲು ಸುರಿದು ಕಡ್ಡಿ ಗೀರಿದ. ಹತ್ತಿರ ಹೋದರೆ ತನ್ನ ಹುಳಕ್ಕೂ ರೋಗ ಅಂಟುವ ಭಯ ಬೀರಕ್ಕನಿಗೆ. ಬೆಂಕಿ ಆರುವವರೆಗೂ ಅವಳು ದೂರದಲ್ಲೇ ನಿಂತಿದ್ದಳು.

ಬೀರಕ್ಕನ ನಲವತ್ತು ತಟ್ಟೆ ಉಳಿದವು. ರಾಮಾಂಜಿಯ ಮೂವತ್ತೈದು ಹೋದವು.